ಮೂಗಿಗಿಂತ ಮೂಗುತಿ ಭಾರವೇ? ಕೈ ಕನ್ಸೋಲಿಗೆ ಹೆಚ್ಚುವರಿ ಸ್ಟಿಕ್, ಹಿಡಿ, ಟ್ರಿಗರ್ ಕೊಳ್ಳುವ ಮುನ್ನ

ಹಾಸನದಲ್ಲಿರುವ ಅಕ್ಕನ ಮಗ ದಸರಾ ರಜೆಗೆ ನಮ್ಮ ಮನೆಗೆ ಬಂದಿದ್ದಾಗ ಎರಡು ಪ್ರಶ್ನೆ ಕೇಳಿದ. "ಮಾಮಾ, ಬಿಜಿಎಂಐ ಆಡುವುದಕ್ಕೆ ಟ್ರಿಗರ್ ತೆಗೆದುಕೊಡುತ್ತೀರಾ?" ಎಂಬುದು ಮೊದಲನೆಯದು. (ಬಿಜಿಎಂಐ ಎಂದರೆ ಫೋನಿನಲ್ಲಿ ಆಡುವ ಗುಂಡಿನ ಕಾಳಗದ ಆಟ; ಟ್ರಿಗರ್ ಎಂದರೆ ಫೋನಿನ ಅಂಚಿಗೆ ಕಚ್ಚಿಸುವ ಸನ್ನೆಕೋಲು.) ಎರಡನೆಯದನ್ನು ಕೇಳಿದ್ದು ನನ್ನ ಕಪಾಟಿನ ತಳದಿಂದ ಕಪ್ಪು ಪ್ಲಾಸ್ಟಿಕ್ಕಿನ ಒಂದು ವಸ್ತುವನ್ನು ಎತ್ತಿ ಹಿಡಿದು: "ಇದೇನಿದು, ಅರ್ಧ ಮುರಿದ ಕಂಟ್ರೋಲರಾ?"

ಮುರಿದಿರಲಿಲ್ಲ. ಅದು ಇರುವುದೇ ಹಾಗೆ. ನಿಂಟೆಂಡೊ ಕಂಪನಿಯ 3ಡಿಎಸ್ ಎಂಬ ಕೈ ಕನ್ಸೋಲಿಗೆ ತೊಡಿಸುವ ಸರ್ಕಲ್ ಪ್ಯಾಡ್ ಪ್ರೊ ಅದು. ಎರಡನೆಯ ಪ್ರಶ್ನೆಗೆ ಉತ್ತರ ಹೇಳುತ್ತ ಹೋದರೆ ಮೊದಲನೆಯದಕ್ಕೂ ಉತ್ತರ ಸಿಕ್ಕಿಬಿಡುತ್ತದೆ ಎಂದು ನನಗೆ ಆ ಹೊತ್ತಿಗೆ ಹೊಳೆಯಲಿಲ್ಲ. ಹುಡುಗ ಊರಿಗೆ ಹೋದ ಮೇಲೆ ಹೊಳೆಯಿತು. ಕೈಯಲ್ಲಿ ಹಿಡಿದು ಆಡುವ ಯಂತ್ರಕ್ಕೆ ಮೇಲಿನಿಂದ ಇನ್ನೊಂದು ಕಡ್ಡಿ, ಇನ್ನೆರಡು ಗುಂಡಿ ಅಂಟಿಸಿಕೊಳ್ಳಬೇಕೇ ಬೇಡವೇ ಎಂದು ತಲೆ ಕೆರೆದುಕೊಳ್ಳುತ್ತಿರುವವರಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಬೆರಳು ಮೊದಲು, ಬಿಡಿಭಾಗ ಆಮೇಲೆ

ಸೋನಿಯ ಕೈ ಕನ್ಸೋಲ್ ಪಿಎಸ್‌ಪಿ 2004ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಬಂದಾಗ ಅದರಲ್ಲಿದ್ದದ್ದು ಒಂದೇ ಒಂದು ಸ್ಟಿಕ್, ಅಂದರೆ ಹೆಬ್ಬೆರಳಿನಿಂದ ಎತ್ತ ಬೇಕಾದರೂ ತಳ್ಳುವ ಕಡ್ಡಿ, ಅದೂ ಎಡಗಡೆ. ಕ್ಯಾಪ್‌ಕಾಮ್ ಕಂಪನಿಯ ಮಾನ್‌ಸ್ಟರ್ ಹಂಟರ್ ಆಟ ಆ ಯಂತ್ರದಲ್ಲಿ ಜಪಾನಿನ ಹುಡುಗರನ್ನು ಹುಚ್ಚು ಹಿಡಿಸಿತು. ಆದರೆ ಅದರಲ್ಲೊಂದು ತೊಡಕು. ಬೇಟೆಗಾರ ಓಡುವುದು ಎಡ ಸ್ಟಿಕ್ಕಿನಿಂದ. ಕ್ಯಾಮೆರಾ, ಅಂದರೆ ಪರದೆಯಲ್ಲಿ ಕಾಣುವ ನೋಟ, ತಿರುಗುವುದು ಎಡಗಡೆಯೇ ಇರುವ ನಾಲ್ಕು ದಿಕ್ಕಿನ ಗುಂಡಿಯಿಂದ. ಎರಡಕ್ಕೂ ಒಂದೇ ಹೆಬ್ಬೆರಳು. ಮೃಗ ಬೆನ್ನ ಹಿಂದೆ ಬಂದಾಗ ಓಡಬೇಕೋ ತಿರುಗಿ ನೋಡಬೇಕೋ?

ಆಟಗಾರರು ಬಿಡಿಭಾಗಕ್ಕಾಗಿ ಕಾಯಲಿಲ್ಲ. ಎಡಗೈ ತೋರುಬೆರಳನ್ನು ಹದ್ದಿನ ಕೊಕ್ಕಿನಂತೆ ಬಗ್ಗಿಸಿ ದಿಕ್ಕಿನ ಗುಂಡಿಯ ಮೇಲಿಟ್ಟರು, ಹೆಬ್ಬೆರಳನ್ನು ಸ್ಟಿಕ್ಕಿನ ಮೇಲೆ ಬಿಟ್ಟರು. ಜಪಾನಿಯರು ಇದಕ್ಕೆ 'ಮೊನ್‌ಹನ್ ಮೊಚಿ' ಎಂದು ಹೆಸರಿಟ್ಟರು, ಅಂದರೆ ಮಾನ್‌ಸ್ಟರ್ ಹಂಟರ್ ಹಿಡಿತ. ಇಂಗ್ಲಿಷಿನವರು ಕ್ಲಾ ಎಂದರು, ಉಗುರು ಹಿಡಿತ. ನಮ್ಮ ಹುಡುಗರು ಬಿಜಿಎಂಐ ಆಡುವಾಗ ನಾಲ್ಕು ಬೆರಳು ಬಗ್ಗಿಸಿ ಫೋನಿನ ಗಾಜಿನ ಮೇಲೆ ಏಡಿಯ ಹಾಗೆ ಕೂರಿಸುತ್ತಾರಲ್ಲ, 'ಫೋರ್ ಫಿಂಗರ್ ಕ್ಲಾ' ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರಲ್ಲ, ಅದು ಇದೇ ವಂಶದ್ದು. ಯಂತ್ರದಲ್ಲಿ ಕೊರತೆ ಕಂಡಾಗ ಮೊದಲು ಬಗ್ಗುವುದು ಬೆರಳು. ಕಂಪನಿ ಆಮೇಲೆ ಬಗ್ಗುತ್ತದೆ, ಅದೂ ಹಣ ತೆಗೆದುಕೊಂಡು.

3ಡಿಎಸ್ ಬಂದದ್ದು 2011ರ ಫೆಬ್ರುವರಿ 26ರಂದು, 25,000 ಯೆನ್‌ಗೆ. ಇದರಲ್ಲೂ ಒಂದೇ ಸ್ಟಿಕ್, ಅವರ ಭಾಷೆಯಲ್ಲಿ ಸರ್ಕಲ್ ಪ್ಯಾಡ್. ಮಾರಾಟ ಕುಂಟಿತು. ಆರು ತಿಂಗಳೂ ತುಂಬುವ ಮೊದಲೇ, ಆಗಸ್ಟ್ 11ರಂದು, ಬೆಲೆಯನ್ನು 15,000 ಯೆನ್‌ಗೆ ಇಳಿಸಬೇಕಾಯಿತು. ಅದರ ಮರು ತಿಂಗಳೇ ಹೊರಬಿದ್ದದ್ದು ಎರಡನೆಯ ಸ್ಟಿಕ್ಕಿನ ಸುದ್ದಿ. 1,500 ಯೆನ್‌ನ ಒಂದು ತೊಟ್ಟಿಲು, ಅದೇ ನನ್ನ ಕಪಾಟಿನ ಸರ್ಕಲ್ ಪ್ಯಾಡ್ ಪ್ರೊ. ಅದರೊಳಗೆ 3ಡಿಎಸ್ ಕೂರಿಸಿದರೆ ಬಲಗಡೆ ಇನ್ನೊಂದು ಸರ್ಕಲ್ ಪ್ಯಾಡ್, ಹಿಂದೆ ಝಡ್‌ಎಲ್, ಝಡ್‌ಆರ್ ಎಂಬ ಹೆಚ್ಚಿನ ಗುಂಡಿಗಳು. ಡಿಸೆಂಬರ್ 10ರಂದು ಮಾನ್‌ಸ್ಟರ್ ಹಂಟರ್ 3ಜಿ ಆಟದ ಜೊತೆಗೇ ಅಂಗಡಿಗೆ ಬಂತು. ಅದಾಗಿ ಒಂದೇ ವಾರಕ್ಕೆ ಸೋನಿಯ ಹೊಸ ಕೈ ಕನ್ಸೋಲ್ ವೀಟಾ ಬಂತು, ಹುಟ್ಟುತ್ತಲೇ ಎರಡು ಸ್ಟಿಕ್ ಹೊತ್ತುಕೊಂಡು. ಇನ್ನೇನು ಬೇಕು, ಜಗಳ ಹತ್ತಿಕೊಂಡಿತು.

ಜಗಳದಲ್ಲಿ ಯಾರು ಸರಿ

ಒಂದು ಬಣದ ವಾದ ಹೀಗಿತ್ತು: ಎರಡನೆಯ ಸ್ಟಿಕ್ ಬೇಕೆಂದು ಕಂಪನಿಗೇ ಗೊತ್ತಾಗಿದೆ ಎಂದರೆ ಮೊದಲೇ ಹಾಕಬೇಕಿತ್ತು. ಈಗ ತೊಟ್ಟಿಲು ಮಾರುವುದೆಂದರೆ ಮನೆ ಕಟ್ಟಿ ಮುಗಿಸಿದ ಮೇಲೆ ಅಡುಗೆಮನೆಗೆ ಜಾಗ ಹುಡುಕಿದಂತೆ. ಫೆಬ್ರುವರಿಯಲ್ಲೇ ಪೂರ್ತಿ ಬೆಲೆ ಕೊಟ್ಟು ಕೊಂಡವರಿಗಂತೂ ಗಾಯದ ಮೇಲೆ ಉಪ್ಪು. ಮೇಲಾಗಿ ಆಟಗಾರರು ಎರಡು ಪಾಲಾಗುತ್ತಾರೆ, ತೊಟ್ಟಿಲು ಇರುವವರು, ಇಲ್ಲದವರು. ಆಟ ಮಾಡುವವನು ಯಾರನ್ನು ನೆನೆದು ಮಾಡಬೇಕು?

ಇನ್ನೊಂದು ಬಣ ಹೇಳಿತು: ಬೇಕಾದವರು ಕೊಳ್ಳಲಿ, ಬೇಡದವರು ಬಿಡಲಿ. ಮಾರಿಯೋ ಆಡುವ ಮಗುವಿಗೆ ಎರಡನೆಯ ಸ್ಟಿಕ್ ಯಾಕೆ? ಅದರ ಖರ್ಚನ್ನು ಎಲ್ಲರ ತಲೆಗೂ ಕಟ್ಟುವುದಕ್ಕಿಂತ ಊಟದ ಎಲೆಯ ತುದಿಗೆ ಉಪ್ಪಿನಕಾಯಿ ಬಡಿಸಿದ ಹಾಗೆ ಪಕ್ಕಕ್ಕಿಡುವುದು ಮೇಲಲ್ಲವೇ?

ಇಷ್ಟು ವರ್ಷದ ಮೇಲೆ ಹಿಂದಿರುಗಿ ನೋಡಿದರೆ, ಮೊದಲ ಬಣ ಆಟಗಳ ವಿಷಯದಲ್ಲಿ ಸರಿ ಹೇಳಿತು, ಎರಡನೆಯದು ದುಡ್ಡಿನ ವಿಷಯದಲ್ಲಿ. ಇಬ್ಬರೂ ಗಮನ ಕೊಡದೆ ಹೋದ ಸಂಗತಿ ಇನ್ನೊಂದಿದೆ. ಕೊಳ್ಳುವುದು ಬಿಡುವುದು ನಮ್ಮಿಷ್ಟ ಎಂದಾದ ಕ್ಷಣವೇ ಆ ಬಿಡಿಭಾಗದ ಹಣೆಬರಹ ತೀರ್ಮಾನವಾಗಿಬಿಡುತ್ತದೆ. ಎಲ್ಲರ ಬಳಿಯೂ ಇಲ್ಲದ ಸ್ಟಿಕ್ಕನ್ನು ನಂಬಿ ಯಾರೂ ಆಟ ಕಟ್ಟುವುದಿಲ್ಲ. ಅದಿಲ್ಲದೆಯೂ ಆಟ ಪೂರ್ತಿ ಆಡುವಂತಿರಲೇಬೇಕು. ಹಾಗಿದ್ದ ಮೇಲೆ ಅದು ಕೊಡುವುದು ಸೌಕರ್ಯವನ್ನು ಮಾತ್ರ, ಹೊಸ ಆಟವನ್ನಲ್ಲ.

ಸಾಕ್ಷಿ ಆ ಆಟಗಳಲ್ಲೇ ಇದೆ. ಮಾನ್‌ಸ್ಟರ್ ಹಂಟರ್ 3ಜಿ ತೊಟ್ಟಿಲಿಲ್ಲದವರಿಗಾಗಿ ಕೆಳಗಿನ ಟಚ್ ಪರದೆಯಲ್ಲೇ ದಿಕ್ಕಿನ ಗುಂಡಿಯ ಚಿತ್ರ ಬಿಡಿಸಿ ಕೊಟ್ಟಿತು. ಬಲ ಹೆಬ್ಬೆರಳನ್ನು ಕೊಂಚ ಒಳಕ್ಕೆಳೆದರೆ ಕ್ಯಾಮೆರಾ ತಿರುಗುತ್ತದೆ. ಅದೂ ಸಾಲದೆಂದು ಎಲ್ ಗುಂಡಿ ಒತ್ತಿದರೆ ಕ್ಯಾಮೆರಾ ತಾನಾಗಿ ದೊಡ್ಡ ಮೃಗದ ಕಡೆಗೆ ಹೊರಳುವ ಏರ್ಪಾಡು ಮಾಡಿತು. ತೊಟ್ಟಿಲು ಮಾರುವುದಕ್ಕೆಂದೇ ಬಂದ ಆಟವೇ ತೊಟ್ಟಿಲನ್ನು ಅನಗತ್ಯ ಮಾಡುವ ದಾರಿಯನ್ನೂ ತೋರಿಸಿಕೊಟ್ಟಿತು! ನಾನು ಎರಡೂ ರೀತಿಯಲ್ಲಿ ಆಡಿದ್ದೇನೆ. ಎಲ್ ಗುಂಡಿಯ ಅಭ್ಯಾಸ ಒಮ್ಮೆ ಕೈಗೆ ಹತ್ತಿದ ಮೇಲೆ ಬಲಗಡೆಯ ಸ್ಟಿಕ್ಕಿಗೆ ನನ್ನ ಹೆಬ್ಬೆರಳು ಹೋಗುತ್ತಿದ್ದದ್ದು ನೆಲದ ಬದಲು ನೀರಿನೊಳಗೆ ಕಾದಾಡುವಾಗ ಮಾತ್ರ. ಅಲ್ಲಿ ಮೇಲೆ ಕೆಳಗೆ ನೋಡುವುದು ಬಹಳ.

2012ರ ಕಿಡ್ ಇಕಾರಸ್ ಅಪ್‌ರೈಸಿಂಗ್ ಇನ್ನೂ ಸ್ವಾರಸ್ಯದ ಪ್ರಕರಣ. ಮಸಾಹಿರೊ ಸಕುರಾಯ್ ನಿರ್ದೇಶಿಸಿದ ಈ ಆಟದಲ್ಲಿ ಎಡಗೈಯಿಂದ ಯಂತ್ರ ಹಿಡಿದು, ಹೆಬ್ಬೆರಳಿನಿಂದ ಓಡಿಸಿ, ತೋರುಬೆರಳಿನಿಂದ ಗುಂಡು ಹಾರಿಸಿ, ಬಲಗೈಯಲ್ಲಿ ಹಿಡಿದ ಸ್ಟೈಲಸ್ ಎಂಬ ಟಚ್ ಪರದೆಯ ಕಡ್ಡಿಯಿಂದ ಗುರಿ ಇಡಬೇಕು. ಅರ್ಧ ಗಂಟೆಗೆ ಎಡಗೈ ಮರಗಟ್ಟುತ್ತದೆ. ಅದಕ್ಕೆಂದೇ ಡಬ್ಬಿಯೊಳಗೆ ಒಂದು ಪ್ಲಾಸ್ಟಿಕ್ ಸ್ಟ್ಯಾಂಡ್ ಇಟ್ಟು ಕೊಟ್ಟರು. ಎಲ್ಲರೂ ಎದುರು ನೋಡಿದ್ದು ತೊಟ್ಟಿಲಿನ ಎರಡನೆಯ ಸ್ಟಿಕ್ಕಿನಿಂದ ಗುರಿ ಇಡುವ ಸೌಲಭ್ಯವನ್ನು. ಅದು ಬರಲೇ ಇಲ್ಲ. ತೊಟ್ಟಿಲನ್ನು ಆಟ ಬಳಸಿಕೊಂಡದ್ದು ಒಂದೇ ಕೆಲಸಕ್ಕೆ: ಎಡಚರು ಸ್ಟೈಲಸ್ಸನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಓಡುವಂತೆ ಮಾಡುವುದಕ್ಕೆ.

ಆಗ ಇದನ್ನು ಗೇಲಿ ಮಾಡಿದವರೇ ಹೆಚ್ಚು. ನಮ್ಮ ಚಿಕ್ಕಪ್ಪನ ಮಗಳು ಎಡಚಿ. ಉಂಡರೆ ಬಲಗೈ, ಬರೆದರೆ ಎಡಗೈ. ನನ್ನ ತೊಟ್ಟಿಲನ್ನು ಎರವಲು ತೆಗೆದುಕೊಂಡು ಹೋಗಿ ಮೂರು ವಾರ ವಾಪಸ್ ಕೊಡಲಿಲ್ಲ. ನಮಗೆ ಸೌಕರ್ಯ ಎನ್ನಿಸಿದ್ದು ಅವಳಿಗೆ ಆಟದ ಬಾಗಿಲೇ ಆಗಿತ್ತು. ಆದ್ದರಿಂದ ಹೆಚ್ಚುವರಿ ನಿಯಂತ್ರಣ ಬೇಕೇ ಬೇಡವೇ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಕೈಯ ಬಗ್ಗೆ. ಎಡಗೈಯೇ, ಬೆರಳಲ್ಲಿ ನೋವಿದೆಯೇ, ಅಂಗೈ ದೊಡ್ಡದೇ? ಇವುಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ ಮುಂದಿನ ನನ್ನ ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಕೊಂಡುಬಿಡಿ.

ಹಳೆಯ 3ಡಿಎಸ್ ಕೊಳ್ಳುವವರ ಮುಂದಿರುವ ದಾರಿಗಳು

3ಡಿಎಸ್ ತಯಾರಿಕೆ 2020ರ ಸೆಪ್ಟೆಂಬರಿನಲ್ಲಿ ನಿಂತಿತು. ಅದರ ಆನ್‌ಲೈನ್ ಅಂಗಡಿಯಲ್ಲಿ ಕೊಳ್ಳುವುದು 2023ರ ಮಾರ್ಚಿನಲ್ಲಿ, ಆನ್‌ಲೈನ್ ಆಟ 2024ರ ಏಪ್ರಿಲಿನಲ್ಲಿ ಮುಗಿಯಿತು. ಆದರೂ ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್ಟಿನಂಥ ಕಡೆ ಇಂಥ ಹಳೆಯ ಯಂತ್ರಗಳನ್ನು ಹುಡುಕಿಕೊಂಡು ಹೋಗುವವರು ಇದ್ದೇ ಇದ್ದಾರೆ; ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ತರಿಸಿಕೊಳ್ಳುವವರಂತೂ ಬಹಳ. ಅವರ ಮುಂದೆ ಮುಖ್ಯವಾಗಿ ಮೂರು ದಾರಿ.

ಬರಿ 3ಡಿಎಸ್ ಸಾಕು ಎನ್ನುವುದು ಒಂದು. ಮಾರಿಯೋ, ಪೋಕೆಮಾನ್, ಫೈರ್ ಎಂಬ್ಲೆಮ್, ಜೆಲ್ಡಾ ಇವಿಷ್ಟೇ ನಿಮ್ಮ ಪಟ್ಟಿಯಾದರೆ ಎರಡನೆಯ ಸ್ಟಿಕ್ಕಿನ ಕೊರತೆ ನಿಮಗೆ ಗೊತ್ತೇ ಆಗುವುದಿಲ್ಲ. ಮುಂದಕ್ಕೆ ಹೋಗಿ.

ತೊಟ್ಟಿಲು ಎರಡನೆಯದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. 3ಡಿಎಸ್ಸನ್ನು ಅದರೊಳಕ್ಕೆ ಒತ್ತಿ ಕೂರಿಸಿದರೆ ಬಲಗಡೆ ಉಬ್ಬಿಕೊಂಡು, ಹಲ್ಲುನೋವಿನಿಂದ ಒಂದು ಕೆನ್ನೆ ಊದಿದವನ ಮುಖದಂತೆ ಕಾಣುತ್ತದೆ. ಯಂತ್ರಕ್ಕೂ ತೊಟ್ಟಿಲಿಗೂ ತಂತಿಯ ಸಂಬಂಧವಿಲ್ಲ. 3ಡಿಎಸ್‌ನ ಬೆನ್ನಿನಲ್ಲಿರುವ ಇನ್‌ಫ್ರಾರೆಡ್ ಕಿಂಡಿಗೆ ತೊಟ್ಟಿಲು ತನ್ನ ಕಿಂಡಿಯಿಂದ ಸನ್ನೆ ಕಳಿಸುತ್ತದೆ, ಟಿವಿ ರಿಮೋಟಿನಂತೆ. ಯಂತ್ರದಿಂದ ವಿದ್ಯುತ್ ಸಿಗದ ಕಾರಣ ರಿಮೋಟಿಗೆ ಹಾಕುವ ಸಣ್ಣ ಸೆಲ್ಲನ್ನೇ ಒಂದು ಹಾಕಬೇಕು. ಬಲ ಸ್ಟಿಕ್ ಇರುವುದು ನಾಲ್ಕು ಗುಂಡಿಗಳ ಕೆಳಗಲ್ಲ, ಅವುಗಳ ಆಚೆ ಬಲಕ್ಕೆ. ಹೆಬ್ಬೆರಳು ಗುಂಡಿಯಿಂದ ಸ್ಟಿಕ್ಕಿಗೆ ಹೊರಗಡೆಗೆ ನೆಗೆಯಬೇಕು. ಎರಡು ದಿನ ವಿಚಿತ್ರ ಎನಿಸುತ್ತದೆ, ಆಮೇಲೆ ಒಗ್ಗುತ್ತದೆ. ಕೈಗೆ ಸಿಗುವ ಹಿಡಿ ಮಾತ್ರ ನಿಜಕ್ಕೂ ಚೆನ್ನ. ಸ್ಟಿಕ್ಕನ್ನು ಮರೆತರೂ ಹಿಡಿಗೋಸ್ಕರ ನಾನು ಅದನ್ನು ತೊಡಿಸಿ ಆಡಿದ್ದುಂಟು.

ನಷ್ಟಗಳು ಬೇರೆ ಬಗೆಯವು. ಜೇಬಿಗೆ ಹೋಗುತ್ತಿದ್ದ ಯಂತ್ರ ಚೀಲಕ್ಕೆ ಹೋಗುತ್ತದೆ. ಆಟದ ಕಾರ್ಡ್ ಬದಲಿಸಬೇಕೆಂದರೆ ತೊಟ್ಟಿಲಿನಿಂದ ಕಳಚಬೇಕು. 3ಡಿಎಸ್‌ಗೆ ಬೇರೆ ತೊಟ್ಟಿಲು, ಅದರ ದೊಡ್ಡ ಗಾತ್ರದ ಮಾದರಿ ಎಕ್ಸ್‌ಎಲ್‌ಗೆ ಬೇರೆ. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಮಡಚಲು ಬಾರದ 2ಡಿಎಸ್‌ಗಂತೂ ತೊಟ್ಟಿಲೇ ಇಲ್ಲ. ಕೊಳ್ಳುವಾಗ 'ಸರ್ಕಲ್ ಪ್ಯಾಡ್ ಪ್ರೊ ಇದೆ' ಎಂದಷ್ಟೇ ಕೇಳಿ ದುಡ್ಡು ಕೊಟ್ಟವರು ಎಕ್ಸ್‌ಎಲ್‌ನದ್ದನ್ನು ಮನೆಗೆ ತಂದು ಪರದಾಡಿದ್ದಾರೆ. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮೂರನೆಯದು, ನ್ಯೂ 3ಡಿಎಸ್ ಅಥವಾ ನ್ಯೂ 3ಡಿಎಸ್ ಎಕ್ಸ್‌ಎಲ್. ಜಪಾನಿನಲ್ಲಿ 2014ರ ಅಕ್ಟೋಬರ್ 11ರಂದು ಬಂತು, ಅದೇ ದಿನ ಮಾನ್‌ಸ್ಟರ್ ಹಂಟರ್ 4ಜಿ ಕೂಡ. ಇದರಲ್ಲಿ ಝಡ್‌ಎಲ್, ಝಡ್‌ಆರ್ ಮೈಯಲ್ಲೇ ಇವೆ; ನಾಲ್ಕು ಗುಂಡಿಗಳ ಮೇಲೆ ಸಿ ಸ್ಟಿಕ್ ಎಂಬ ಬಟಾಣಿ ಕಾಳಿನಷ್ಟು ದಪ್ಪದ ರಬ್ಬರ್ ಉಬ್ಬು. ಹಳೆಯ ಥಿಂಕ್‌ಪ್ಯಾಡ್ ಲ್ಯಾಪ್‌ಟಾಪಿನ ಕೀಲಿಮಣೆಯ ನಡುವಿನ ಕೆಂಪು ಚುಕ್ಕೆ ಬಳಸಿದವರಿಗೆ ಇದು ಗೊತ್ತು: ಅದು ವಾಲುವುದಿಲ್ಲ, ಒತ್ತಡವನ್ನು ಗ್ರಹಿಸುತ್ತದೆ. ಗುರಿ ಇಡುವುದಕ್ಕೆ ಅಷ್ಟಕ್ಕಷ್ಟೇ, ಕ್ಯಾಮೆರಾ ತಿರುಗಿಸುವುದಕ್ಕೆ ಧಾರಾಳ ಸಾಕು. ತೊಟ್ಟಿಲಿಗೆಂದು ಬರೆದ ಹಳೆಯ ಆಟಗಳೂ ಇದನ್ನು ತೊಟ್ಟಿಲಿನ ಸ್ಟಿಕ್ ಎಂದೇ ತಿಳಿದು ನಡೆಯುತ್ತವೆ. ಒಟ್ಟಾರೆ, ಮೂರು ವರ್ಷ ಹೊರಗೆ ನಿಂತಿದ್ದ ಬಿಡಿಭಾಗ ಮನೆಯೊಳಗೆ ಬಂದು ಕೂತಿತು.

ನನ್ನ ತೀರ್ಪು ಕೇಳುವುದಾದರೆ: ಇನ್ನೂ ಯಾವ 3ಡಿಎಸ್ಸೂ ಇಲ್ಲದವರು, ಬೆಲೆ ಕೈಗೆಟುಕಿದರೆ, ನೇರ ನ್ಯೂ ಮಾದರಿಗೆ ಹೋಗಿ. ಈಗಾಗಲೇ ಹಳೆಯದು ಇರುವವರು ಮಾನ್‌ಸ್ಟರ್ ಹಂಟರನ್ನೋ ರೆಸಿಡೆಂಟ್ ಈವಿಲ್ ರೆವೆಲೇಷನ್ಸನ್ನೋ ನಿಜವಾಗಿ ಆಡುವುದಿದ್ದರೆ ಮಾತ್ರ ತೊಟ್ಟಿಲು ಹುಡುಕಿ. 'ಮುಂದೆಂದಾದರೂ ಬೇಕಾದೀತು' ಎಂದು ಕೊಳ್ಳಬೇಡಿ. ಆ ಮುಂದೆ ಎಂಬುದು ಈ ಯಂತ್ರಕ್ಕೆ ಇನ್ನು ಇಲ್ಲ. ಒಂದು ಎಚ್ಚರಿಕೆ: 3ಡಿಎಸ್‌ನ ಆಟಗಳಿಗೆ ಪ್ರದೇಶದ ಬೀಗವಿದೆ. ಜಪಾನಿನ ಯಂತ್ರದಲ್ಲಿ ಅಮೆರಿಕದ ಕಾರ್ಡ್ ಓಡುವುದಿಲ್ಲ. ಸ್ಟಿಕ್ಕಿನ ಚರ್ಚೆಯಲ್ಲಿ ಮುಳುಗಿ ಇದನ್ನು ಮರೆತರೆ ಎತ್ತಿಗೆ ಜ್ವರ ಬಂದಾಗ ಎಮ್ಮೆಗೆ ಬರೆ ಎಳೆದಂತಾಗುತ್ತದೆ.

ಸ್ವಿಚ್: ಕೊಡುವುದೆಷ್ಟು, ಕಿತ್ತುಕೊಳ್ಳುವುದೆಷ್ಟು

ನಿಂಟೆಂಡೊ 2017ರಲ್ಲಿ ತಂದ ಕನ್ಸೋಲ್ ಸ್ವಿಚ್‌ನಲ್ಲಿ ಎರಡು ಸ್ಟಿಕ್ ಇವೆ, ಓರೆ ಮಾಡಿದ್ದನ್ನು ಗ್ರಹಿಸುವ ಗೈರೋ ಇದೆ, ಕಂಪನ ಇದೆ. ಹಾಗಿದ್ದೂ ಮೇಲಿನಿಂದ ತೊಡಿಸುವ ಹಿಡಿಗಳ ಮಾರುಕಟ್ಟೆ ಬೆಳೆದದ್ದು ಏಕೆಂದರೆ ಅದರ ಎರಡೂ ಬದಿಗೆ ಸಿಕ್ಕಿಸುವ ಜಾಯ್‌ಕಾನ್ ಎಂಬ ಕಂಟ್ರೋಲರ್‌ಗಳು ದೊಡ್ಡವರ ಅಂಗೈಗೆ ಬಿಸ್ಕತ್ತಿನಷ್ಟು ತೆಳು. ಜೊತೆಗೆ ಬೆರಳು ಇಡದಿದ್ದರೂ ಸ್ಟಿಕ್ ತಾನಾಗಿ ಒಂದು ಕಡೆಗೆ ಸರಿಯುವ ಡ್ರಿಫ್ಟ್ ಎಂಬ ರೋಗ.

ಇಲ್ಲಿ ಹೆಸರಾದದ್ದು 2019ರಲ್ಲಿ ಡೀಮನ್ ಎಕ್ಸ್ ಮಾಕಿನಾ ಆಟದ ಜೊತೆಗೆ ಬಂದ ಹೋರಿ ಕಂಪನಿಯ ಸ್ಪ್ಲಿಟ್ ಪ್ಯಾಡ್ ಪ್ರೊ. (ಹಾವೇರಿಯ ಹೋರಿ ಹಬ್ಬಕ್ಕೂ ಇದಕ್ಕೂ ಸಂಬಂಧವಿಲ್ಲ, ಜಪಾನಿನ ಕಂಪನಿ. ಆದರೆ ತೊಡಿಸಿದ ಮೇಲೆ ಸ್ವಿಚ್ ಕಾಣುವ ಗಾತ್ರಕ್ಕೆ ಹೆಸರು ಒಪ್ಪುತ್ತದೆ.) ಜಾಯ್‌ಕಾನ್ ಕಳಚಿ ಅದೇ ಹಳಿಗೆ ಇದನ್ನು ಜಾರಿಸಬೇಕು. ದೊಡ್ಡ ಸ್ಟಿಕ್, ದಪ್ಪ ಗುಂಡಿ, ಬೆನ್ನಿನಲ್ಲಿ ಬೇಕಾದ ಕೆಲಸ ಹಚ್ಚಬಹುದಾದ ಹೆಚ್ಚಿನ ಗುಂಡಿ. ಎರಡು ಗಂಟೆ ಆಡಿದರೂ ಮಣಿಕಟ್ಟು ನೋಯುವುದಿಲ್ಲ.

ಇನ್ನು ಕಿತ್ತುಕೊಳ್ಳುವ ಪಟ್ಟಿ. ಆ ಮೊದಲ ಮಾದರಿಯಲ್ಲಿ ಗೈರೋ ಇಲ್ಲ, ಕಂಪನ ಇಲ್ಲ, ಅಮೀಬೊ ಗೊಂಬೆ ಓದುವ ಎನ್‌ಎಫ್‌ಸಿ ಇಲ್ಲ. ಒಳಗೆ ಬ್ಯಾಟರಿಯೂ ಇಲ್ಲದ್ದರಿಂದ ಯಂತ್ರದಿಂದ ಕಳಚಿದರೆ ಬರಿ ಪ್ಲಾಸ್ಟಿಕ್. ಟಿವಿಗೆ ಹಾಕಿ ದೂರ ಕೂತು ಆಡಲು ಬರುವುದಿಲ್ಲ. 'ಗೈರೋ ಯಾರಿಗೆ ಬೇಕು' ಎನ್ನುವವರು ಜೆಲ್ಡಾ ಬ್ರೆತ್ ಆಫ್ ದಿ ವೈಲ್ಡ್ ಆಡುತ್ತ ಹೋದರೆ, ಯಂತ್ರವನ್ನೇ ಓರೆ ಮಾಡಿ ಗುಂಡು ಉರುಳಿಸಬೇಕಾದ ಗುಡಿಯೊಂದರ ಒಗಟಿನ ಮುಂದೆ ಬಂದು ನಿಲ್ಲುತ್ತಾರೆ. ಗೈರೋ ಇಲ್ಲದೆ ಅದು ಬಗೆಹರಿಯುವುದಿಲ್ಲ. ಎದ್ದು ಹೋಗಿ ಜಾಯ್‌ಕಾನ್ ಹುಡುಕಿ ತರಬೇಕು. ಮೂಲ ಯಂತ್ರದಲ್ಲಿ ಎಲ್ಲರಿಗೂ ಇರುವುದನ್ನು ಆಟ ಮಾಡುವವರು ನಂಬುತ್ತಾರೆ. ನೀವು ಹಣ ಕೊಟ್ಟು ಅದನ್ನೇ ಕಳಚಿ ಹಾಕಿರುತ್ತೀರಿ. 3ಡಿಎಸ್ ತೊಟ್ಟಿಲಿನ ಪಾಠವೇ ಇದು, ಮುಖ ಮಾತ್ರ ಹಿಂದುಮುಂದು.

ಆದ್ದರಿಂದ ಸ್ವಿಚ್‌ಗೆ ಹಿಡಿ ಕೊಳ್ಳುವಾಗ ಡಬ್ಬಿಯ ಮೇಲೆ ಏನೇನಿದೆ ಎಂದು ಓದುವುದಕ್ಕಿಂತ ಏನಿಲ್ಲ ಎಂದು ಹುಡುಕುವುದು ಜಾಣತನ. ಈಗ ಬೇರೆ ಬೇರೆ ಕಂಪನಿಗಳು ಗೈರೋ, ಕಂಪನ ಎರಡನ್ನೂ ಸೇರಿಸಿದ ಹಿಡಿಗಳನ್ನು ಮಾರುತ್ತಿವೆ. ಸ್ಟಿಕ್ಕಿನಲ್ಲಿ ಹಾಲ್ ಎಫೆಕ್ಟ್ ಎಂಬ ಪದವಿದ್ದರೆ ಒಳ್ಳೆಯದು: ಅದರಲ್ಲಿ ಸ್ಥಾನವನ್ನು ಅಳೆಯುವುದು ಆಯಸ್ಕಾಂತ, ಒಂದಕ್ಕೊಂದು ಉಜ್ಜಿ ಸವೆಯುವ ಪಟ್ಟಿ ಇಲ್ಲದ್ದರಿಂದ ಡ್ರಿಫ್ಟ್ ಬರುವ ಸಂಭವ ಬಹಳ ಕಡಿಮೆ. ನಿಮ್ಮ ತಕರಾರು ಡ್ರಿಫ್ಟ್ ಒಂದೇ ಆಗಿದ್ದರೆ ಹಿಡಿಯನ್ನೇ ಕೊಳ್ಳಬೇಕಿಲ್ಲ. ಜಾಯ್‌ಕಾನ್ ಒಳಗಿನ ಸ್ಟಿಕ್ ಮಾತ್ರ ಬದಲಿಸುವ ಬಿಡಿಭಾಗ ಸಿಗುತ್ತದೆ; ಗುಲಿಕಿಟ್ ಎಂಬ ಕಂಪನಿ ಹಾಲ್ ಎಫೆಕ್ಟ್‌ನದ್ದನ್ನೇ ಮಾರುತ್ತದೆ. ಮೊಬೈಲ್ ರಿಪೇರಿಯ ಕೈ ಪಳಗಿದವರಿಗೆ ಅರ್ಧ ಗಂಟೆಯ ಕೆಲಸ.

ಸ್ವಿಚ್ ಲೈಟ್ ಇರುವವರಿಗೆ ಈ ಹಳಿಯ ಹಿಡಿಗಳು ಯಾವುವೂ ಆಗುವುದಿಲ್ಲ, ಅದರ ನಿಯಂತ್ರಣ ಮೈಗೇ ಅಂಟಿಕೊಂಡಿದೆ. ಹಿಂದಿನಿಂದ ತೊಡಿಸುವ ಸಾದಾ ಪ್ಲಾಸ್ಟಿಕ್ ಕವಚ ಸಾಕು, ಅದರಲ್ಲಿ ಕೆಡುವಂಥದ್ದೂ ಏನಿಲ್ಲ.

ಫೋನಿಗೆ ಬಂದರೆ

ನಮ್ಮಲ್ಲಿ ಹೆಚ್ಚಿನವರ ಕೈ ಕನ್ಸೋಲ್ ಎಂದರೆ ಫೋನೇ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರಿನಲ್ಲಿ ನಿಷೇಧವಾಗಿ, 2021ರ ಜುಲೈನಲ್ಲಿ ಬಿಜಿಎಂಐ ಹೆಸರಿನಲ್ಲಿ ಬಂದು, 2022ರ ಜುಲೈನಲ್ಲಿ ಮತ್ತೆ ಮಾಯವಾಗಿ, 2023ರ ಮೇ ತಿಂಗಳಲ್ಲಿ ಮರಳಿದ ಕಥೆ ಎಲ್ಲರಿಗೂ ಗೊತ್ತು. ಆಟ ಹೋಗಿ ಬಂದು ಮಾಡುತ್ತಿದ್ದರೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಊರೂರಿನ ಮೊಬೈಲ್ ಅಂಗಡಿಗಳಲ್ಲಿ ಟ್ರಿಗರ್ ಮಾತ್ರ ತೂಗುತ್ತಲೇ ಇತ್ತು.

ಈ ಟ್ರಿಗರ್ ಎಂದರೆ ಫೋನಿನ ಅಂಚಿಗೆ ಬಟ್ಟೆಯ ಕ್ಲಿಪ್ಪಿನಂತೆ ಕಚ್ಚಿಕೊಳ್ಳುವ ಸನ್ನೆಕೋಲು. ತೋರುಬೆರಳಿನಿಂದ ಎಳೆದರೆ ಅದರ ಕೆಳತುದಿಯ ಮೆತ್ತೆ ಪರದೆಯನ್ನು ಮುಟ್ಟುತ್ತದೆ. ಪರದೆಗೆ ಬೇಕಾದದ್ದು ಒತ್ತಡವಲ್ಲ, ಮೈಯ ಮೂಲಕ ಹರಿಯುವ ವಿದ್ಯುತ್ತಿನ ಸುಳಿವು. ಲೋಹದ ಸನ್ನೆ ಆ ಸುಳಿವನ್ನು ಬೆರಳಿನಿಂದ ಗಾಜಿಗೆ ದಾಟಿಸುತ್ತದೆ, ಅಷ್ಟೇ. ಬ್ಯಾಟರಿ ಬೇಡ, ಬ್ಲೂಟೂತ್ ಬೇಡ, ಬೆಲೆ ಕೆಲವು ನೂರು ರೂಪಾಯಿ. ಒಂದು ಎಳೆತಕ್ಕೆ ಹತ್ತಾರು ತಟ್ಟು ತಟ್ಟುವ ಬ್ಯಾಟರಿಯ ಮಾದರಿಯೂ ಇದೆ. ಅದರ ಸಹವಾಸ ಬೇಡ. ಅದು ಸೌಕರ್ಯದ ಗಡಿ ದಾಟಿ ಮೋಸದ ಅಂಗಳಕ್ಕೆ ಕಾಲಿಟ್ಟಿದೆ. ಸ್ಪರ್ಧೆಗೆ ಇಳಿಯುವವರು ಸಾದಾ ಟ್ರಿಗರಿನ ಬಗ್ಗೆಯೂ ಆಯಾ ಸ್ಪರ್ಧೆಯ ನಿಯಮ ಓದಿಕೊಂಡೇ ಕೊಳ್ಳಬೇಕು. ಕೈ ಅದಕ್ಕೆ ಒಗ್ಗಿದ ಮೇಲೆ 'ಇಲ್ಲಿ ನಡೆಯುವುದಿಲ್ಲ' ಎಂದರೆ ಹಿಂದಿನ ಅಭ್ಯಾಸವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ಹಿಂಡಿದಂತೆ.

ಹುಡುಗನಿಗೆ ನಾನು ಟ್ರಿಗರ್ ಕೊಡಿಸಿದೆನೇ? ಮೊದಲು ಅವನ ಫೋನಿನ ಗೈರೋ ಚಾಲೂ ಮಾಡಿಸಿದೆ. ಬಂದೂಕು ಮೇಲಕ್ಕೆ ಜಿಗಿದಾಗ ಹೆಬ್ಬೆರಳಿನಿಂದ ಪರದೆ ಎಳೆಯುವ ಬದಲು ಫೋನನ್ನೇ ಕೂದಲೆಳೆಯಷ್ಟು ಮುಂದಕ್ಕೆ ಬಾಗಿಸುವುದು. ನಾಲ್ಕು ದಿನ ಬೈದುಕೊಂಡ. ಐದನೆಯ ದಿನ ಟ್ರಿಗರ್ ಸುದ್ದಿ ಎತ್ತಲಿಲ್ಲ. ಬೆರಳಿಗೆ ಬೆವರು ಎಂದ. ಜಾಳಿಗೆಯಂಥ ಬಟ್ಟೆಯ ಬೆರಳುಗವಸು ತೆಗೆದುಕೊಟ್ಟೆ, ಅಗ್ಗದ ಬೆಲೆಗೆ ಬಂತು. ಯಂತ್ರದೊಳಗೇ ಬಿಟ್ಟಿ ಕೂತಿರುವ ನಿಯಂತ್ರಣವನ್ನು ಪೂರ್ತಿ ಬಳಸದೆ ಹೊರಗಿನದಕ್ಕೆ ಕೈ ಹಾಕುವವರೇ ಹೆಚ್ಚು ಎಂಬುದು ನನ್ನ ಅನುಭವ.

ಫೋನನ್ನು ನಡುವೆ ಕೂರಿಸಿ ಎರಡೂ ಕಡೆ ಎಳೆದು ಹಿಡಿಯುವ ಬ್ಯಾಕ್‌ಬೋನ್, ರೇಜರ್ ಕಿಶಿ, ಗೇಮ್‌ಸರ್ ಮೊದಲಾದವುಗಳ ಲೆಕ್ಕ ಬೇರೆ. ಇವು ಪೂರ್ತಿ ಕಂಟ್ರೋಲರ್‌ಗಳು, ಬೆಲೆ ಸಾವಿರಗಳಲ್ಲಿ. ಕೊಳ್ಳುವ ಮೊದಲು ಒಂದೇ ಪ್ರಶ್ನೆ: ನೀವು ಆಡುವ ಆಟ ಕಂಟ್ರೋಲರನ್ನು ಒಪ್ಪುತ್ತದೆಯೇ? ಕಾಲ್ ಆಫ್ ಡ್ಯೂಟಿ ಮೊಬೈಲ್ ಒಪ್ಪುತ್ತದೆ, ಮತ್ತು ಕಂಟ್ರೋಲರ್ ಹಿಡಿದವರನ್ನು ಅಂಥವರ ಜೊತೆಗೇ ಜೋಡಿಸುತ್ತದೆ. ಬಿಜಿಎಂಐಗೆಂದು ಇದನ್ನು ಕೊಂಡರೆ ನಿರಾಸೆಯೇ ಗತಿ. ಹಳೆಯ ಕನ್ಸೋಲಿನ ಆಟಗಳನ್ನು ಎಮ್ಯುಲೇಟರ್ ಎಂಬ ಅನುಕರಣೆಯ ಆ್ಯಪಿನಲ್ಲಿ ಆಡುವವರಿಗೆ, ಪಿಸಿಯ ಆಟವನ್ನು ವೈಫೈ ಮೂಲಕ ಮಂಚದ ಮೇಲೆ ಆಡುವವರಿಗೆ ಮಾತ್ರ ಇದು ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುತ್ತದೆ.

ಕೀಲು ಎಲ್ಲಿದೆ ನೋಡಿ

ಬಿಡಿಭಾಗದ ಆಯುಸ್ಸು ಅದರ ಗಟ್ಟಿತನದಲ್ಲಿಲ್ಲ, ಯಂತ್ರಕ್ಕೆ ಅದು ಸೇರುವ ಕೀಲಿನಲ್ಲಿದೆ. ನಿಂಟೆಂಡೊ ಡಿಎಸ್‌ನ ಕೆಳಗೆ ಗೇಮ್‌ಬಾಯ್ ಅಡ್ವಾನ್ಸ್ ಆಟ ತೂರಿಸುವ ಒಂದು ಗಲ್ಲಿ ಇತ್ತು. ಅಲ್ಲಿಗೆ 2005ರಲ್ಲಿ ಕಂಪನ ಕೊಡುವ ರಂಬಲ್ ಪ್ಯಾಕ್ ಬಂತು. ಟೈಟೊ ಕಂಪನಿಯ ತಿರುಗಿಸುವ ಗುಂಡಿ ಬಂತು. 2008ರಲ್ಲಿ ಗಿಟಾರ್ ಹೀರೋ ಆನ್ ಟೂರ್ ಆಟಕ್ಕೆಂದು ನಾಲ್ಕು ಬಣ್ಣದ ಗುಂಡಿಯ ಹಿಡಿ ಬಂತು. ಅದೇ ವರ್ಷದ ನವೆಂಬರಿನಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಡಿಎಸ್‌ಐ ಆ ಗಲ್ಲಿಯನ್ನೇ ಮುಚ್ಚಿಬಿಟ್ಟಿತು. ಗಿಟಾರಿನ ಹಿಡಿ ಹೊಸ ಯಂತ್ರಕ್ಕೆ ಬಾರದಾಗಲು ಆರು ತಿಂಗಳೂ ಬೇಕಾಗಲಿಲ್ಲ.

ಐಫೋನಿನ ಲೈಟ್ನಿಂಗ್ ಪಿನ್ನಿಗೆಂದು ಮಾಡಿದ ಕಂಟ್ರೋಲರ್‌ಗಳ ಗತಿಯೂ ಅದೇ ಆಯಿತು, 2023ರಲ್ಲಿ ಐಫೋನ್ 15 ಟೈಪ್ ಸಿಗೆ ಹೊರಳಿದಾಗ. ಸ್ವಿಚ್‌ನ ಹಳಿಗೆ ಜಾರಿಸುವ ಹಿಡಿಗಳದ್ದೂ ಅದೇ. 2025ರ ಜೂನ್ 5ರಂದು ಬಂದ ಸ್ವಿಚ್ 2ರಲ್ಲಿ ಹಳಿ ಇಲ್ಲ, ಜಾಯ್‌ಕಾನ್ ಆಯಸ್ಕಾಂತದಿಂದ ಅಂಟಿಕೊಳ್ಳುತ್ತದೆ. ಸ್ವಿಚ್ 2 ಕೊಳ್ಳುವ ಯೋಚನೆಯಲ್ಲಿರುವವರು ಈಗ ಹಳೆಯ ಸ್ವಿಚ್‌ಗೆ ದುಬಾರಿ ಹಿಡಿ ಕೊಳ್ಳಬೇಡಿ. ಬ್ಲೂಟೂತಿನಿಂದ ಸೇರುವುದು, ಟೈಪ್ ಸಿಯಿಂದ ಸೇರುವುದು ಯಂತ್ರ ಬದಲಾದರೂ ನಿಮ್ಮೊಡನೆ ಬರುತ್ತದೆ. ವಾಲ್ವ್ ಕಂಪನಿಯ ಕೈ ಕನ್ಸೋಲ್ ಸ್ಟೀಮ್ ಡೆಕ್‌ನಲ್ಲಿ ಈ ತಲೆಬಿಸಿ ಇಲ್ಲ: ಎರಡು ಸ್ಟಿಕ್, ಎರಡು ಟಚ್‌ಪ್ಯಾಡ್, ಬೆನ್ನಿಗೆ ನಾಲ್ಕು ಗುಂಡಿ, ಗೈರೋ, ಎಲ್ಲ ಮೊದಲೇ ತುರುಕಿದ್ದಾರೆ. ಅದಕ್ಕೆ ತೆತ್ತ ಬೆಲೆ ತೂಕ. ಮೊದಲ ಮಾದರಿ ಹತ್ತಿರಹತ್ತಿರ 670 ಗ್ರಾಂ. ಮಲಗಿಕೊಂಡು ಆಡುವಾಗ ಕೈ ಜಾರಿದರೆ ಮೂಗಿನ ಮೇಲೇ ಬೀಳುವುದು.

ಇಷ್ಟಾಗಿ ಹಳೆಯ ಸರ್ಕಲ್ ಪ್ಯಾಡ್ ಪ್ರೊ ಕೊಳ್ಳಲು ಹೊರಟವರಿಗೆ ಅಂಗಡಿಯಲ್ಲಿ ನೋಡಬೇಕಾದ್ದು ಇಷ್ಟು. ನಿಮ್ಮ ಯಂತ್ರವನ್ನು ಜೊತೆಗೆ ಒಯ್ದು ತೊಡಿಸಿ ನೋಡಿ. ಇನ್‌ಫ್ರಾರೆಡ್ ಕಿಂಡಿಯ ಗಾಜು ಗೀರಿರಬಾರದು. ಸ್ಟಿಕ್ಕನ್ನು ಎಂಟೂ ದಿಕ್ಕಿಗೆ ತಳ್ಳಿ ಬಿಟ್ಟರೆ ನಡುವಿಗೆ ಮರಳಬೇಕು. ಕೊನೆಗೆ ಸೆಲ್ಲಿನ ಮುಚ್ಚಳ ತೆಗೆಸಿ ಒಳಗೆ ನೋಡದೆ ದುಡ್ಡು ಕೊಡಬೇಡಿ. ಅಕ್ಕನ ಮಗ ನನ್ನದನ್ನು ಕಪಾಟಿನಿಂದ ತೆಗೆದಾಗ ಅದರೊಳಗೆ ಯಾವ ಕಾಲದಲ್ಲೋ ಹಾಕಿ ಮರೆತ ಸೆಲ್ ಸೋರಿ, ಸ್ಪ್ರಿಂಗಿನ ಮೇಲೆ ಹಸಿರು ಕಿಲುಬು ಹೂವಿನಂತೆ ಅರಳಿತ್ತು. ಹತ್ತಿಗೆ ಒಂದು ಹನಿ ವಿನಿಗರ್ ಹಚ್ಚಿ ಒರೆಸಿ, ಮರಳು ಕಾಗದದಿಂದ ಉಜ್ಜಿ, ಹೊಸ ಸೆಲ್ ಹಾಕಿದೆವು. ಮತ್ತೆ ಜೀವ ಬಂತು. ಮಾನ್‌ಸ್ಟರ್ ಹಂಟರ್ ಹಾಕಿ ಅವನ ಕೈಗೆ ಕೊಟ್ಟೆ; ಎರಡು ನಿಮಿಷ ಆಡಿ ಬಲ ಸ್ಟಿಕ್ ಬಿಟ್ಟು, ಎಡ ತೋರುಬೆರಳನ್ನು ಕೊಕ್ಕಿನಂತೆ ಬಗ್ಗಿಸಿ ದಿಕ್ಕಿನ ಗುಂಡಿಯ ಮೇಲೆ ಇಟ್ಟ.